ರಫ್ತಿಗೆ ಹೊರಟ ಗೂಡ್ಸ್ ಗಾಡಿಯ ಫೋಟೋ ತೆಗೆಯುವುದು ಹೇಗೆ: ವೈಟ್‌ಫೀಲ್ಡಿನಿಂದ ಕ್ಯಾಸಲ್ ರಾಕ್‌ವರೆಗೆ

ತುಂಬಿದ ಅದಿರಿನ ವ್ಯಾಗನ್ ಪಕ್ಕದಿಂದ ನೋಡಿದರೆ ಖಾಲಿ ಕಾಣುತ್ತದೆ. ಇದು ಗೊತ್ತಿಲ್ಲದೆ ನಾನು ಹೊಸಪೇಟೆ ಕಡೆ ಎರಡು ದಿನ ಬಿಸಿಲಲ್ಲಿ ನಿಂತು ನೂರಾರು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಒಂದರಲ್ಲೂ ಅದಿರು ಇಲ್ಲ! ಇಂಜಿನ್ ಚೆನ್ನಾಗಿ ಬಂದಿದೆ, ಆಕಾಶ ಚೆನ್ನಾಗಿದೆ, ಹಿಂದೆ ಬರೀ ಕಂದು ಬಣ್ಣದ ಡಬ್ಬಗಳ ಸಾಲು. ಕಾರಣ ಸರಳ. ಕಬ್ಬಿಣದ ಅದಿರು ತೂಕ ಜಾಸ್ತಿ, ಹಿಡಿಸುವ ಜಾಗ ಕಡಿಮೆ. ಬಾಕ್ಸ್‌ಎನ್ ಅನ್ನುವ ಮೇಲೆ ತೆರೆದ ವ್ಯಾಗನ್ ಹೊರುವಷ್ಟು ಅದಿರು ಸುರಿದರೂ ಅದು ಅರ್ಧದ ಹತ್ತಿರಕ್ಕೇ ನಿಂತುಬಿಡುತ್ತದೆ, ಅಂಚಿನವರೆಗೆ ಬರುವುದೇ ಇಲ್ಲ. ಕಲ್ಲಿದ್ದಲು ಹಾಗಲ್ಲ, ಅದರ ಗುಡ್ಡೆ ಅಂಚಿನ ಮೇಲೂ ಕಾಣುತ್ತದೆ. ಹಾಗಾಗಿ ಅದಿರಿನ ಗಾಡಿಯನ್ನು ಮೇಲಿನಿಂದಲೇ ತೆಗೆಯಬೇಕು. ರಸ್ತೆಯ ಮೇಲ್ಸೇತುವೆಯೋ ಸ್ಟೇಷನ್ನಿನ ಪಾದಚಾರಿ ಸೇತುವೆಯೋ ಬೇಕೇ ಬೇಕು.

ಅವತ್ತಿನಿಂದ ನನ್ನದು ಒಂದೇ ಮಾತು. ಗಾಡಿಯಲ್ಲಿ ಏನಿದೆ, ಅದು ಯಾವ ಕಡೆಗೆ ಹೊರಟಿದೆ ಅಂತ ಮೊದಲು ತಿಳಿದುಕೊಳ್ಳಿ. ನಿಲ್ಲುವ ಜಾಗ, ಹೋಗಬೇಕಾದ ಹೊತ್ತು, ಹಾಕಬೇಕಾದ ಲೆನ್ಸ್, ಎಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಇಂಜಿನ್ ಆಮೇಲೆ.

ಯಾವ ಸರಕು, ಯಾವ ದಾರಿ

ನಮ್ಮ ಕಡೆ ರಫ್ತಿನ ಸರಕು ಅಂತ ಹುಡುಕಲು ಹೊರಟರೆ ಸಿಗುವುದು ಮುಖ್ಯವಾಗಿ ಕಂಟೇನರ್, ಉಕ್ಕು ಮತ್ತು ಸ್ವಲ್ಪ ಅದಿರು. ಶುರು ಮಾಡುವವರಿಗೆ ಕಂಟೇನರ್ ಒಳ್ಳೆಯದು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಈಗ ಆ ಕೆಲಸ ವೈಟ್‌ಫೀಲ್ಡಿನ ಕಾನ್‌ಕಾರ್ (ಕಂಟೇನರ್ ಕಾರ್ಪೊರೇಷನ್) ಡಿಪೋದಲ್ಲಿ ನಡೆಯುತ್ತದೆ. ರಫ್ತು ಮಾಡುವವರು ಸರಕನ್ನು ಇಲ್ಲಿಗೆ ತರುತ್ತಾರೆ, ಕಸ್ಟಮ್ಸ್ ಪರಿಶೀಲನೆ ಇಲ್ಲೇ ಮುಗಿಯುತ್ತದೆ, ಕಂಟೇನರ್ ಡಬ್ಬಕ್ಕೆ ಸೀಲ್ ಬೀಳುತ್ತದೆ, ಅಲ್ಲಿಂದ ಗಾಡಿ ಚೆನ್ನೈ ಬಂದರಿನ ಕಡೆ ಹೊರಡುತ್ತದೆ. ಅಂದರೆ ಸಮುದ್ರವೇ ಇಲ್ಲದ ಊರಿನಲ್ಲಿ ಒಂದು ಬಂದರಿನ ಬಾಗಿಲು ಇದ್ದ ಹಾಗೆ. ನನಗೆ ಇದು ಈಗಲೂ ಖುಷಿ ಕೊಡುವ ವಿಷಯ.

ಉಕ್ಕು ಬೇಕು ಅಂದರೆ ತೋರಣಗಲ್ಲಿನ ಕಡೆ ಹೋಗಬೇಕು. ಅಲ್ಲಿನ ಜಿಂದಾಲ್ ಕಾರ್ಖಾನೆಯ ಉಕ್ಕು ಹೊಸಪೇಟೆ, ಗದಗ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ದಾಟಿ ಗೋವಾದ ಮುರ್ಮಗೋವಾ ಬಂದರಿಗೆ ಇಳಿಯುತ್ತದೆ. ಉಕ್ಕಿನ ಸುರುಳಿಗಳಿಗೆ ಬಿಎಫ್‌ಎನ್‌ಎಸ್ ಅನ್ನುವ ತೆರೆದ ವ್ಯಾಗನ್. ಒಂದೊಂದು ಸುರುಳಿ 20 ಟನ್ನಿನಷ್ಟು ತೂಗಬಹುದು. ತೊಟ್ಟಿಲಿನಂಥ ತಗ್ಗಿನಲ್ಲಿ ಕೂತಿರುತ್ತದೆ, ಪಕ್ಕದಿಂದಲೂ ಚೆನ್ನಾಗಿ ಕಾಣುತ್ತದೆ, ಇಳಿಬಿಸಿಲು ಬಿದ್ದರೆ ಸುತ್ತುಗಳ ಅಂಚು ಹೊಳೆಯುತ್ತದೆ.

ಅದಿರಿನ ವಿಷಯದಲ್ಲಿ ಒಂದು ಎಚ್ಚರ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರಿಗೆ ಮತ್ತೆ ಅವಕಾಶ ಕೊಟ್ಟಿತು. ಆದರೂ ಬಳ್ಳಾರಿ ಸೀಮೆಯಲ್ಲಿ ಕಾಣುವ ಅದಿರಿನ ಗಾಡಿಗಳಲ್ಲಿ ಹೆಚ್ಚಿನವು ಇಲ್ಲಿನ ಕಾರ್ಖಾನೆಗಳಿಗೇ ಹೋಗುತ್ತವೆ. ಕೆಂಪು ಧೂಳು ಕಂಡ ಕೂಡಲೇ ಫೋಟೋ ಕೆಳಗೆ ‘ರಫ್ತು’ ಅಂತ ಬರೆಯಬೇಡಿ.

ರಫ್ತಿನದ್ದೇ ಅಂತ ಗುರುತು ಹಿಡಿಯುವುದು

ಮೊದಲು ದಿಕ್ಕು ನೋಡಿ. ಗಾಡಿ ಬಂದರಿನ ಕಡೆ ಹೊರಟಿದೆಯಾ, ಬಂದರಿನಿಂದ ವಾಪಸ್ ಬರುತ್ತಿದೆಯಾ? ಆಮೇಲೆ ಡಬ್ಬದ ಮೇಲಿನ ಹೆಸರು. ಮೇರ್ಸ್ಕ್, ಎಂಎಸ್‌ಸಿ, ಹಪಾಗ್ ಲಾಯ್ಡ್, ಎವರ್‌ಗ್ರೀನ್, ಗುಲಾಬಿ ಬಣ್ಣದ ವನ್, ಇವೆಲ್ಲ ಹಡಗು ಕಂಪನಿಗಳು. ಪ್ರತಿ ಡಬ್ಬದ ಮೇಲೂ ನಾಲ್ಕು ಅಕ್ಷರ, ಆರು ಅಂಕಿ, ಕೊನೆಯಲ್ಲಿ ಚೌಕದೊಳಗೆ ಒಂದು ತಾಳೆ ಅಂಕಿ ಇರುತ್ತದೆ. ಕೆಳಗೆ 22ಜಿ1 ಅಂತ ಇದ್ದರೆ ಇಪ್ಪತ್ತಡಿಯ ಮಾಮೂಲಿ ಡಬ್ಬ, 45ಜಿ1 ಅಂದರೆ ನಲವತ್ತಡಿಯ ಎತ್ತರದ ಡಬ್ಬ.

ಆದರೆ ಬಂದರಿಗೆ ಖಾಲಿ ಡಬ್ಬಗಳೂ ಹೋಗುತ್ತವೆ ಅಲ್ವಾ? ಅದಕ್ಕೆ ಕಿವಿ ಬೇಕು. ಖಾಲಿ ಗಾಡಿ ಗಡಗಡ ಅಂತ ಸದ್ದು ಮಾಡಿಕೊಂಡು ಕುಣಿಯುತ್ತಾ ಹೋಗುತ್ತದೆ. ತುಂಬಿದ ಗಾಡಿಯ ಸದ್ದು ತಗ್ಗು, ನೆಲದಿಂದ ಕಾಲಿಗೆ ಬರುತ್ತದೆ. ಗಾಡಿ ನಿಂತಿದ್ದರೆ ಚಕ್ರದ ಪಕ್ಕದ ಸ್ಪ್ರಿಂಗ್ ನೋಡಿ. ಭಾರ ಇದ್ದರೆ ಅದು ಅಮುಕಿಕೊಂಡು ಸುತ್ತುಗಳ ನಡುವಿನ ಸಂದು ಕಿರಿದಾಗಿರುತ್ತದೆ.

ಒಂದು ಬೆಳಗ್ಗೆ ಟೇಕಲ್ ಸ್ಟೇಷನ್ನಿನಲ್ಲಿ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ಕಂಟೇನರ್ ಗಾಡಿಯೊಂದು ಪಕ್ಕದ ಹಳಿಯಲ್ಲಿ, ಅಂದರೆ ಲೂಪ್ ಲೈನಿನಲ್ಲಿ ನಿಂತಿತ್ತು. ನಾನು ಪ್ಲಾಟ್‌ಫಾರ್ಮಿನ ಮೇಲೆ. ನನ್ನೆದುರಿನ ಡಬ್ಬದ ಬಾಗಿಲಿನ ಸರಳಿನಲ್ಲಿ ಹೆಬ್ಬೆರಳು ಗಾತ್ರದ ಬೋಲ್ಟ್ ಸೀಲ್, ಅದರ ಮೇಲೆ ಕೊರೆದ ನಂಬರ್, ರಾತ್ರಿಯ ಇಬ್ಬನಿ ಇನ್ನೂ ಅದರ ತುದಿಯಲ್ಲಿ ನಿಂತಿತ್ತು. ಒಳಗೆ ಏನಿದೆಯೋ ಗೊತ್ತಿಲ್ಲ. ಗಾರ್ಮೆಂಟ್ಸ್ ಇರಬಹುದು, ಕಲ್ಲು ಇರಬಹುದು, ಯಂತ್ರದ ಭಾಗ ಇರಬಹುದು. ಯಾರೋ ಕೈಯಾರೆ ಒತ್ತಿ ಹಾಕಿದ ಆ ಸೀಲ್ ಇನ್ನು ಬಿಚ್ಚುವುದು ಸಮುದ್ರದಾಚೆ ಯಾವುದೋ ಊರಿನಲ್ಲಿ. ಅಷ್ಟರಲ್ಲಿ ಸುಯ್ ಅಂತ ಬ್ರೇಕ್ ಬಿಟ್ಟ ಸದ್ದು ಇಂಜಿನ್ನಿನಿಂದ ಹಿಂದಕ್ಕೆ ಹರಿದು ಬಂತು. ಎರಡೇ ಫೋಟೋ ಸಿಕ್ಕಿದ್ದು. ಈ ದಾರಿಯಲ್ಲಿ ನಾನು ತೆಗೆದ ಫೋಟೋಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅವೇ, ಇಂಜಿನ್ ಫೋಟೋಗಳಲ್ಲ.

ಕೆಲವೊಮ್ಮೆ ಎರಡು ಡಬ್ಬಗಳ ಬಾಗಿಲು ಎದುರುಬದುರು ಇಟ್ಟಿರುತ್ತಾರೆ, ಆಗ ಸೀಲ್ ಕಾಣುವುದೇ ಇಲ್ಲ. ಬಿಟ್ಟುಬಿಡಿ. ವ್ಯಾಗನ್ನುಗಳ ನಡುವೆ ತಲೆ ಹಾಕುವುದು, ಮೇಲೆ ಹತ್ತುವುದು, ಇವು ಯಾವತ್ತೂ ಬೇಡ. ನಿಂತ ಗಾಡಿ ಯಾವ ಕ್ಷಣದಲ್ಲಿ ಬೇಕಾದರೂ ಎಳೆದುಕೊಳ್ಳುತ್ತದೆ.

ಬೆಳಕು: ಪೂರ್ವಕ್ಕೆ ಬೆಳಗ್ಗೆ, ಪಶ್ಚಿಮಕ್ಕೆ ಸಂಜೆ

ಇದನ್ನು ನಿಧಾನವಾಗಿ ಓದಿ, ಅರ್ಧ ಕೆಲಸ ಇಲ್ಲೇ ಇದೆ. ವೈಟ್‌ಫೀಲ್ಡ್, ಮಾಲೂರು, ಟೇಕಲ್, ಬಂಗಾರಪೇಟೆ ದಾರಿ ಸುಮಾರಾಗಿ ಪೂರ್ವಕ್ಕೆ ಹೋಗುತ್ತದೆ. ಬಂದರಿಗೆ ಹೊರಟ ಗಾಡಿಯ ಮುಖ ಪೂರ್ವಕ್ಕೆ. ಅಂದರೆ ಅದರ ಮುಖಕ್ಕೆ ಬೆಳಕು ಬೀಳುವುದು ಬೆಳಗ್ಗೆ ಮಾತ್ರ. ಸಂಜೆ ಹೋದರೆ ಮುಖ ಕಪ್ಪು, ಹೆಡ್‌ಲೈಟ್ ಒಂದೇ ಕಾಣುತ್ತದೆ. ತೋರಣಗಲ್ಲಿನಿಂದ ಗೋವಾಕ್ಕೆ ಹೋಗುವ ಉಕ್ಕಿನ ಗಾಡಿ ಇದಕ್ಕೆ ಉಲ್ಟಾ. ಪಶ್ಚಿಮಕ್ಕೆ ಮುಖ, ಸಂಜೆಯ ಬೆಳಕು. ತುಂಗಭದ್ರೆ ದಾಟಿ ಮುನಿರಾಬಾದ್ ಕಡೆಯಿಂದ ಕೊಪ್ಪಳದವರೆಗಿನ ಬಯಲಿನಲ್ಲಿ ನಾಲ್ಕೂವರೆ ಆದ ಮೇಲೆ ನಿಂತರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ.

ಇನ್ನು ಹಳಿಯ ಯಾವ ಪಕ್ಕ ನಿಲ್ಲಬೇಕು? ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಪೂರ್ವ ಪಶ್ಚಿಮದ ಹಳಿಯ ದಕ್ಷಿಣದ ಪಕ್ಕ ನಿಲ್ಲಬೇಕು. ಆದರೆ ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಸೂರ್ಯ ನೆತ್ತಿಯ ಉತ್ತರಕ್ಕೆ ಹೋಗಿಬಿಡುತ್ತಾನೆ. ಯೂರೋಪು, ಅಮೆರಿಕದವರು ಬರೆದ ಪಾಠಗಳಲ್ಲಿ ‘ದಕ್ಷಿಣಕ್ಕೆ ನಿಲ್ಲಿ’ ಅಂತ ಇದ್ದರೆ ಜೂನ್ ತಿಂಗಳಲ್ಲಿ ಅದು ನಮಗೆ ತಪ್ಪು. ಆಗ ಉತ್ತರದ ಪಕ್ಕ ಬಿಸಿಲು, ದಕ್ಷಿಣದ ಪಕ್ಕ ನೆರಳು.

ಇದರ ಜೊತೆ ಇನ್ನೊಂದು ಸೇರಿಸಿಕೊಳ್ಳಿ. ಜೋಡಿ ಹಳಿಯಲ್ಲಿ ನಮ್ಮ ಗಾಡಿಗಳು ಎಡಗಡೆ ಓಡುತ್ತವೆ. ಪೂರ್ವಕ್ಕೆ ಹೋಗುವ ಗಾಡಿಯ ಎಡ ಅಂದರೆ ಉತ್ತರದ ಹಳಿ. ಹಾಗಾಗಿ ಜೂನಿನಲ್ಲಿ ಉತ್ತರಕ್ಕೆ ನಿಂತರೆ ಚೆನ್ನೈಗೆ ಹೋಗುವ ಗಾಡಿ ನಿಮ್ಮ ಹತ್ತಿರದ ಹಳಿಯಲ್ಲೇ ಬರುತ್ತದೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ನಿಂತರೆ ಅದು ದೂರದ ಹಳಿಯಲ್ಲಿ, ನಡುವೆ ಬೆಂಗಳೂರಿಗೆ ಬರುವ ಹಳಿ ಖಾಲಿ. ಫೋಟೋಗೆ ಉಸಿರಾಡುವ ಜಾಗ ಸಿಗುತ್ತದೆ, ಚಕ್ರಗಳು ಪೂರ್ತಿ ಕಾಣುತ್ತವೆ. ಆದರೆ ಸರಿಯಾದ ಹೊತ್ತಿಗೆ ಎದುರಿನಿಂದ ಇನ್ನೊಂದು ಗಾಡಿ ಬಂದು ಅಡ್ಡ ಆಗುವ ಅಪಾಯವೂ ಇದೆ. ನನಗೆ ಎಷ್ಟೋ ಸಲ ಆಗಿದೆ. ಅದಕ್ಕೆ ಪರಿಹಾರ ಇಲ್ಲ, ಇನ್ನೊಂದು ಗಾಡಿಗೆ ಕಾಯಬೇಕು ಅಷ್ಟೇ.

ನಿಲ್ಲುವ ಜಾಗ, ಕಾನೂನು, ಕರೆಂಟು

ನೇರ ಹಳಿಯಲ್ಲಿ ಎದುರಿನಿಂದ ತೆಗೆದರೆ ಇಂಜಿನ್ ತನ್ನ ಹಿಂದಿನದನ್ನೆಲ್ಲ ಮುಚ್ಚುತ್ತದೆ. ಸರಕು ಕಾಣಬೇಕಾದರೆ ತಿರುವು ಬೇಕು, ಎತ್ತರ ಬೇಕು, ಇಲ್ಲವೇ ಪಕ್ಕದಲ್ಲಿ ದೂರ ಬೇಕು. ತಿರುವಿನಲ್ಲಿ ಒಳಬದಿಗೆ ನಿಂತರೆ ಡಬ್ಬಗಳ ಸಾಲು ಬಿಲ್ಲಿನ ಹಾಗೆ ಬಾಗಿ ಬರುತ್ತದೆ. ಬಂಗಾರಪೇಟೆ ದಾಟಿ ಬಿಸಾನತ್ತಂ, ಕುಪ್ಪಂ ಕಡೆ ಹೋದರೆ ಗುಡ್ಡ, ತಿರುವು ಎರಡೂ ಇವೆ. ಟೇಕಲ್ ಸುತ್ತಮುತ್ತ ಬಂಡೆಗುಡ್ಡಗಳು. ಹಿನ್ನೆಲೆಗೆ ಅಂಥ ಬಂಡೆ ಇದ್ದರೆ ಬಣ್ಣಬಣ್ಣದ ಡಬ್ಬಗಳು ಎದ್ದು ಕಾಣುತ್ತವೆ.

ಕಂಟೇನರ್ ಗಾಡಿಯ ಉದ್ದ ನೆನಪಿಡಿ. ಸಾಮಾನ್ಯವಾಗಿ ಬಿಎಲ್‌ಸಿ ಅನ್ನುವ ಕಂಟೇನರ್ ಹೊರುವ ವ್ಯಾಗನ್ 45, ಇಪ್ಪತ್ತಡಿಯ ಲೆಕ್ಕದಲ್ಲಿ 90 ಡಬ್ಬ. ಇಡೀ ಗಾಡಿ ಒಂದೇ ಫೋಟೋದಲ್ಲಿ ಬರಬೇಕಾದರೆ ಅರ್ಧ ಕಿಲೋಮೀಟರಿಗೂ ದೂರ ಹೋಗಬೇಕು. ಆ ಆಸೆ ಬಿಡಿ, ಮೊದಲ ಹತ್ತು ಹದಿನೈದು ವ್ಯಾಗನ್ ಬಂದರೆ ಸಾಕು.

ಈಗ ಕಟ್ಟುನಿಟ್ಟಿನ ಮಾತು. ಹಳಿಯ ಮೇಲೆ, ರೈಲ್ವೆ ಜಾಗದೊಳಗೆ ಸುಮ್ನೆ ಓಡಾಡುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನೀವು ನಿಲ್ಲಬೇಕಾದದ್ದು ಸಾರ್ವಜನಿಕ ರಸ್ತೆ, ಮೇಲ್ಸೇತುವೆ, ಲೆವೆಲ್ ಕ್ರಾಸಿಂಗಿನ ಗೇಟಿನ ಹೊರಗೆ, ಒಪ್ಪಿಗೆ ಕೇಳಿಕೊಂಡು ರೈತರ ಹೊಲದ ಬದು. ಸ್ಟೇಷನ್ ಆದರೆ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಳ್ಳಿ, ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಏನು ಮಾಡುತ್ತೀರಿ ಅಂತ ಹೇಳಿ ಕೇಳಿ. ಬೇಡ ಅಂದರೆ ವಾದ ಮಾಡದೆ ಹೊರಗೆ ಬನ್ನಿ. ಕಂಟೇನರ್ ಡಿಪೋ, ಬಂದರು, ಕಾರ್ಖಾನೆ ಸೈಡಿಂಗ್, ಇವುಗಳ ಒಳಗೆ ಅನುಮತಿ ಇಲ್ಲದೆ ಕ್ಯಾಮೆರಾ ತೆಗೆಯಲೇಬಾರದು. ಡ್ರೋನ್ ವಿಚಾರ ಮರೆತುಬಿಡಿ. ಸೇನೆಯ ವಾಹನ ಹೊತ್ತ ಗಾಡಿ ಬಂದರೆ ಕ್ಯಾಮೆರಾ ಇಳಿಸಿ.

ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಮೇಲ್ಸೇತುವೆಯಿಂದ ಸೆಲ್ಫಿ ಕೋಲು, ಮಾನೋಪಾಡ್, ಛತ್ರಿ ಯಾವುದನ್ನೂ ಹೊರಗೆ ಚಾಚಬೇಡಿ. ಜಾಲರಿ ಇದ್ದರೆ ಅದರ ಕಿಂಡಿಗೆ ಲೆನ್ಸ್ ಒತ್ತಿ ಹಿಡಿಯಿರಿ, ಸಾಕು. ಮತ್ತೆ ಹೇಳುತ್ತೇನೆ, ಇಯರ್‌ಫೋನ್ ಹಾಕಿಕೊಂಡು ಹೋಗಲೇಬೇಡಿ. ಎಲೆಕ್ಟ್ರಿಕ್ ಇಂಜಿನ್ ಎಳೆಯುವ ಗಾಡಿ ಎದುರಿನಿಂದ ಬರುವಾಗ ಸದ್ದೇ ಇರುವುದಿಲ್ಲ.

ಗೂಡ್ಸಿಗೆ ಟೈಮ್ ಟೇಬಲ್ ಇಲ್ಲ

ಹಾಗಾದರೆ ಯಾವಾಗ ಬರುತ್ತದೆ? ಪ್ಯಾಸೆಂಜರ್ ಗಾಡಿಗಳ ನಡುವಿನ ಬಿಡುವಿನಲ್ಲಿ. ನೀವು ಹೋಗುವ ಸ್ಟೇಷನ್ನಿನಲ್ಲಿ ಹಾದುಹೋಗುವ ಗಾಡಿಗಳ ಹೊತ್ತನ್ನೆಲ್ಲ ಹಿಂದಿನ ದಿನವೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಕ್ಕಾಲು ಗಂಟೆ ಬಿಡುವು ಕಂಡರೆ ಅಲ್ಲಿ ಗೂಡ್ಸ್ ಬರುವ ಸಾಧ್ಯತೆ ಜಾಸ್ತಿ. ಎಕ್ಸ್‌ಪ್ರೆಸ್ ಹೋದ ಕೂಡಲೇ ಕ್ಯಾಮೆರಾ ಚೀಲಕ್ಕೆ ಹಾಕಬೇಡಿ, ಅದಕ್ಕೆ ದಾರಿ ಬಿಟ್ಟು ನಿಂತಿದ್ದ ಗೂಡ್ಸ್ ಅದರ ಹಿಂದೆಯೇ ಹೊರಡುತ್ತದೆ. ಗೇಟ್ ಬಿತ್ತು, ಆದರೆ ನಿಮ್ಮ ಚೀಟಿಯಲ್ಲಿ ಆ ಹೊತ್ತಿಗೆ ಯಾವ ಗಾಡಿಯೂ ಇಲ್ಲ ಅಂದರೆ ಎದ್ದು ನಿಲ್ಲಿ. ಅರ್ಧ ದಿನ ಕಾದು ಒಂದೂ ಸಿಗದೆ ಬರುವುದೂ ಉಂಟು, ನೀರು ಮತ್ತು ಬುತ್ತಿ ಇರಲಿ.

ಕ್ಯಾಮೆರಾ ಸೆಟ್ಟಿಂಗ್

ಗೂಡ್ಸ್ ಗಾಡಿ ಗಂಟೆಗೆ 60-75 ಕಿ.ಮೀ. ವೇಗದಲ್ಲಿ ಬರುತ್ತದೆ ಅಂದುಕೊಳ್ಳಿ, ಕಂಟೇನರ್ ಗಾಡಿ ಇನ್ನೂ ಜೋರಾಗಿ ಬರಬಹುದು. ಶಟರ್ 1/1000, ಅಪರ್ಚರ್ ಎಫ್8, ಐಎಸ್‌ಒ ಆಟೋ. ಫೋಕಸ್ ಕಂಟಿನ್ಯುಯಸ್ ಇಟ್ಟು ಇಂಜಿನ್ನಿನ ಮುಖದ ಮೇಲಿನ ನಂಬರಿಗೆ ಹಿಡಿಯಿರಿ, ಗಾಜಿಗೆ ಹಿಡಿದರೆ ಜಾರುತ್ತದೆ. ಹೆಡ್‌ಲೈಟ್ ಕ್ಯಾಮೆರಾವನ್ನು ಮೋಸ ಮಾಡುತ್ತದೆ. ಗಾಡಿ ಬರುವ ಮುಂಚೆಯೇ ಖಾಲಿ ಹಳಿಯ ಒಂದು ಫೋಟೋ ತೆಗೆದು, ಎಕ್ಸ್‌ಪೋಷರ್ ಸರಿ ಮಾಡಿಕೊಂಡು, ಐಎಸ್‌ಒ ಕೂಡ ಆಟೋದಿಂದ ತೆಗೆದು ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿ. ಲೆನ್ಸ್ 70ರಿಂದ 200 ಎಂಎಂನದು ಒಂದಿದ್ದರೆ ಸಾಕು. ಹತ್ತು ಗಂಟೆ ಆದ ಮೇಲೆ ದೂರದ ಜೂಮ್ ಹಾಕಬೇಡಿ. ಜಲ್ಲಿಕಲ್ಲಿನಿಂದ ಏಳುವ ಬಿಸಿಗಾಳಿ ಫೋಟೋವನ್ನು ನೀರೊಳಗಿನ ಚಿತ್ರದಂತೆ ಅಲುಗಿಸುತ್ತದೆ, ಆಮೇಲೆ ಯಾವ ಸಾಫ್ಟ್‌ವೇರಿಗೂ ಅದನ್ನು ಸರಿ ಮಾಡಲು ಆಗುವುದಿಲ್ಲ.

ವಿದ್ಯುತ್ ಕಂಬಗಳ ಕಾಟ ಇದ್ದೇ ಇರುತ್ತದೆ. ಇಂಜಿನ್ನಿನ ಮುಖ ಎರಡು ಕಂಬಗಳ ನಡುವೆ ಬಂದಾಗ ಒತ್ತಬೇಕು, ಮೇಲೆ ತಂತಿಯಿಂದ ಕರೆಂಟು ಪಡೆಯುವ ಪ್ಯಾಂಟೋಗ್ರಾಫ್ ಪೂರ್ತಿ ಇರಬೇಕು. ಎಲ್ಲಿ ಒತ್ತಬೇಕು ಅಂತ ಮೊದಲೇ ಗುರುತು ಮಾಡಿಕೊಳ್ಳಿ. ನಾನು ಒಂದು ಗಿಡವನ್ನೋ ಬಿಳಿ ಕಲ್ಲನ್ನೋ ನೋಡಿಟ್ಟುಕೊಳ್ಳುತ್ತೇನೆ.

ಮೊಬೈಲಿನಲ್ಲೂ ಒಳ್ಳೆಯ ಫೋಟೋ ಬರುತ್ತದೆ. ಅಗಲದ ಲೆನ್ಸ್ ಬೇಡ, ಎರಡು ಅಥವಾ ಮೂರು ಪಟ್ಟಿನ ಲೆನ್ಸ್ ಹಾಕಿ. ಗಾಡಿ ಬರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ.

ಇಂಜಿನ್ ಹಾದುಹೋದ ಮೇಲೆ ನಿಜವಾದ ಕೆಲಸ ಶುರು. ಮುಕ್ಕಾಲು ಜನ ಅಲ್ಲಿಗೇ ಕ್ಯಾಮೆರಾ ಇಳಿಸಿಬಿಡುತ್ತಾರೆ. ಶಟರನ್ನು 1/40ಕ್ಕೆ ತಂದು, ಕಣ್ಣಿಗೆ ಬಿದ್ದ ಒಂದು ಡಬ್ಬವನ್ನು ಹಿಡಿದು ಅದರ ಜೊತೆಗೇ ಸೊಂಟ ತಿರುಗಿಸುತ್ತಾ ಒತ್ತಿ. ಹಿನ್ನೆಲೆ ಗೀಟಾಗುತ್ತದೆ, ಡಬ್ಬದ ಮೇಲಿನ ಹೆಸರು ನಿಲ್ಲುತ್ತದೆ. ಹತ್ತರಲ್ಲಿ ಒಂದು ಬಂದರೆ ಅದೇ ದೊಡ್ಡದು. ಕೊನೆಯಲ್ಲಿ ಬ್ರೇಕ್ ವ್ಯಾನ್ ಬಂದಾಗ ಅದನ್ನೂ ತೆಗೆಯಿರಿ. ಗಾರ್ಡ್ ಅನ್ನುವ ಹುದ್ದೆಗೆ 2022ರಿಂದ ಟ್ರೈನ್ ಮ್ಯಾನೇಜರ್ ಅಂತ ಹೆಸರು. ಅಷ್ಟುದ್ದದ ಗಾಡಿಯ ಬಾಲದಲ್ಲಿ ಒಬ್ಬರೇ ಕೂತು ಹೋಗುವ ಕೆಲಸ ಅವರದು. ಹತ್ತಿರದ ಮುಖಚಿತ್ರ ಬೇಕಾದರೆ ಕೇಳಿಯೇ ತೆಗೆಯಿರಿ.

ಇಂಜಿನ್ ಬಗ್ಗೆ ಸ್ವಲ್ಪ

ಹಸಿರು ಮೈಗೆ ಹಳದಿ ಪಟ್ಟಿಯ ವ್ಯಾಗ್-9 ಎಲ್ಲೆಲ್ಲೂ ಸಿಗುತ್ತದೆ, 6,120 ಅಶ್ವಶಕ್ತಿ. ಬಿಹಾರದ ಮಧೇಪುರದಲ್ಲಿ ತಯಾರಾಗುವ ವ್ಯಾಗ್-12ಬಿ ಎರಡು ಇಂಜಿನ್ ಬೆನ್ನಿಗೆ ಬೆನ್ನು ಜೋಡಿಸಿದ ಹಾಗಿರುತ್ತದೆ, ಅದಕ್ಕೆ 12,000. ಆದರೆ ಈ ಕಡೆಯವರ ಮನಸ್ಸಿನಲ್ಲಿ ಇರುವುದು ಹುಬ್ಬಳ್ಳಿ ಶೆಡ್ಡಿನ ಡೀಸೆಲ್, ಡಬ್ಲ್ಯುಡಿಜಿ-4. ಹೆಸರಲ್ಲೇ ಅರ್ಥ ಇದೆ: ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ಡಿ ಅಂದರೆ ಡೀಸೆಲ್, ಅದರ ಬದಲು ವ್ಯಾಗ್‌ನಲ್ಲಿರುವ ಹಾಗೆ ಎ ಇದ್ದರೆ ವಿದ್ಯುತ್, ಜಿ ಅಂದರೆ ಗೂಡ್ಸ್. ಇಂಜಿನ್ನಿನ ಮೈಮೇಲೆ ಅದರ ಶೆಡ್ಡಿನ ಹೆಸರು ಬರೆದಿರುತ್ತದೆ, ಅದು ಓದಲು ಬರುವಂತೆ ಒಂದು ಫೋಟೋ ಇರಲಿ.

ಘಟ್ಟ

ಕ್ಯಾಸಲ್ ರಾಕ್‌ನಿಂದ ಗೋವಾದ ಕುಳೆವರೆಗಿನ ಇಳಿಜಾರು 37 ಅಡಿಗೆ ಒಂದು ಅಡಿ. ಗೂಡ್ಸ್ ಗಾಡಿಗೆ ಇದು ತುಂಬಾ ಕಡಿದಾದ ದಾರಿ. ಬಂದರಿನಿಂದ ಕಲ್ಲಿದ್ದಲು ಹೊತ್ತು ಮೇಲೆ ಬರುವ ಗಾಡಿಗೆ ಹಿಂದಿನಿಂದಲೂ ಇಂಜಿನ್ ಕಟ್ಟಿ ತಳ್ಳುತ್ತಾರೆ, ಅವಕ್ಕೆ ಬ್ಯಾಂಕರ್ ಅಂತ ಹೆಸರು. ರಫ್ತಿನ ಉಕ್ಕು ಇಳಿಯುವ ದಿಕ್ಕಿನದು. ಇಳಿಯುವ ಮುಂಚೆ ಕ್ಯಾಸಲ್ ರಾಕ್‌ನಲ್ಲಿ ಬ್ರೇಕ್ ಪರೀಕ್ಷೆಗೆ ಗಾಡಿ ನಿಲ್ಲುತ್ತದೆ, ಪ್ಲಾಟ್‌ಫಾರ್ಮಿನಿಂದ ಸುರುಳಿಗಳನ್ನು ಆರಾಮವಾಗಿ ತೆಗೆಯಬಹುದು. ಮಳೆಗಾಲದಲ್ಲಿ ಮಂಜು ಸ್ಟೇಷನ್ನಿನೊಳಕ್ಕೇ ಬರುತ್ತದೆ. ಆಗ ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಜಾಸ್ತಿ ಮಾಡಿ, ಇಲ್ಲದಿದ್ದರೆ ಮಂಜು ಬೂದು ಬಣ್ಣಕ್ಕೆ ತಿರುಗುತ್ತದೆ. ಒಂದು ಒಣ ಟವೆಲ್ ಚೀಲದಲ್ಲಿರಲಿ.

ಇದೇ ಘಟ್ಟದ ದೂಧ್‌ಸಾಗರ ಜಲಪಾತಕ್ಕೆ ಹಳಿ ಹಿಡಿದು ನಡೆದು ಹೋಗುವುದನ್ನು ರೈಲ್ವೆ ನಿಷೇಧಿಸಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ 55 ಕಿ.ಮೀ. ದಾರಿಯೂ ಅಷ್ಟೇ, 57 ಸುರಂಗ ಇವೆ, ಒಳಗೆ ಸಿಕ್ಕಿಕೊಂಡರೆ ಓಡಲು ಜಾಗ ಇಲ್ಲ. ಇವೆರಡನ್ನೂ ಪ್ಯಾಸೆಂಜರ್ ಗಾಡಿಯ ಕಿಟಕಿಯಿಂದ ನೋಡಿ. ಕ್ರಾಸಿಂಗ್‌ಗೆ ನಿಂತಾಗ ಪಕ್ಕದಲ್ಲಿ ಗೂಡ್ಸ್ ಬಂದರೆ ಕಿಟಕಿಯಿಂದಲೇ ಒಳ್ಳೆಯ ಫೋಟೋ ಸಿಗುತ್ತದೆ, ಬಾಗಿಲಲ್ಲಿ ನೇತಾಡಬೇಕಾಗಿಲ್ಲ.

ಮನೆಗೆ ಬಂದ ಮೇಲೆ

ಬಣ್ಣ ಹೆಚ್ಚಿಸಬೇಡಿ. ಬಿಸಿಲು, ಉಪ್ಪುಗಾಳಿಗೆ ಮಾಸಿದ ಡಬ್ಬದ ಬಣ್ಣ ಮಾಸಿದ ಹಾಗೇ ಇರಲಿ, ಅದು ಸಮುದ್ರ ಸುತ್ತಿ ಬಂದ ಗುರುತು. ಕಂಬಗಳು ನೆಟ್ಟಗಿವೆಯಾ ನೋಡಿ, ಓರೆ ಇದ್ದರೆ ತಿದ್ದಿ. ವ್ಯಾಗನ್ನಿನ ಮೈಮೇಲೆ 11 ಅಂಕಿಯ ನಂಬರ್ ಇರುತ್ತದೆ. ಮೊದಲ ಎರಡು ಅಂಕಿ ವ್ಯಾಗನ್ನಿನ ಜಾತಿ, ಮುಂದಿನ ಎರಡು ಯಾವ ರೈಲ್ವೆಯದು, ಐದು ಮತ್ತು ಆರನೇ ಅಂಕಿ ತಯಾರಾದ ವರ್ಷ. ಒಂದು ಸ್ಪಷ್ಟ ಫೋಟೋ ಇದ್ದರೆ ಇದನ್ನೆಲ್ಲ ಮನೆಯಲ್ಲಿ ಕೂತು ಓದಬಹುದು.

ಗಾಡಿ ಇನ್ನೂ ದಾರಿಯಲ್ಲಿರುವಾಗ ಅದು ಎಲ್ಲಿದೆ ಅಂತ ಹಾಕಬೇಡಿ, ಸಂಜೆಗೋ ಮರುದಿನವೋ ಹಾಕಿ. ಸೀಲಿನ ನಂಬರ್ ಓದಲು ಬರುತ್ತಿದ್ದರೆ ಮಸುಕು ಮಾಡಿ. ಮತ್ತೆ ಪ್ರತಿ ಫೋಟೋಗೆ ಒಂದು ಸಾಲು ಬರೆದಿಡಿ, ಕಂಡದ್ದಷ್ಟೇ. ಟೇಕಲ್‌ನ ಆ ಬೆಳಗ್ಗೆಯದು ನನ್ನ ಪುಸ್ತಕದಲ್ಲಿ ಹೀಗಿದೆ: ‘ಟೇಕಲ್, ಬೆಳಗ್ಗೆ 7.10, ಪೂರ್ವಕ್ಕೆ. ವ್ಯಾಗ್-9, ಬಿಎಲ್‌ಸಿ. ಹಡಗು ಕಂಪನಿ ಡಬ್ಬಗಳು, ಸ್ಪ್ರಿಂಗ್ ಅಮುಕಿತ್ತು. ಸೀಲ್ ಕಂಡದ್ದು ಒಂದರಲ್ಲಿ. ಒಳಗೇನಿದೆ ತಿಳಿಯದು.’